ಯಂತ್ರದ ದೃಷ್ಟಿ, ತಪ್ಪಿನ ಹೊರೆ

ತಾವು ಬದುಕಿದ್ದೇವೆಂದು ಪಿಂಚಣಿದಾರರು ವರ್ಷಕ್ಕೊಮ್ಮೆ ಪ್ರಮಾಣಪತ್ರ ಸಲ್ಲಿಸಬೇಕು. ಮೊಬೈಲ್ ಫೋನಿನ ಎದುರು ಮುಖವೊಡ್ಡಿ ಈ ಕೆಲಸ ಮುಗಿಸುವ ಸೌಲಭ್ಯವನ್ನು ಕೇಂದ್ರ ಸರ್ಕಾರ 2021ರ ನವೆಂಬರ್‌ನಲ್ಲಿ ಒದಗಿಸಿತು. ಬೆರಳಿನ ಗೆರೆಗಳು ಸವೆದುಹೋದ ಹಿರಿಯರಿಗೆ ಇದು ವರದಾನವೇ ಸರಿ. ನಿವೃತ್ತ ಅಧಿಕಾರಿಯಾದ ನಾನೂ ಇದನ್ನು ಸ್ವಾಗತಿಸಿದವನು. ಆದರೆ ಯಂತ್ರವು ನಮ್ಮನ್ನು ಗುರುತಿಸದಿದ್ದರೆ ಆ ತಪ್ಪಿನ ಹೊರೆಯನ್ನು ಹೊರಬೇಕಾದವರು ಯಾರು?

ಯಂತ್ರಕ್ಕೆ ದೃಷ್ಟಿ ನೀಡುವ ಯತ್ನ ಹೊಸದಲ್ಲ. 1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸೀಮೋರ್ ಪೇಪರ್ಟ್ ಇದನ್ನು ಒಂದು ಬೇಸಿಗೆಯ ಯೋಜನೆಯಾಗಿ ರೂಪಿಸಿದ್ದರು. ನಿರ್ಣಾಯಕ ತಿರುವಿಗೆ 2012ರವರೆಗೆ ಕಾಯಬೇಕಾಯಿತು. ಆ ವರ್ಷದ ಇಮೇಜ್‌ನೆಟ್ ಸ್ಪರ್ಧೆಯಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ತಂಡ ತಪ್ಪಿನ ಪ್ರಮಾಣವನ್ನು ಶೇ 15.3ಕ್ಕೆ ಇಳಿಸಿತು, ಎರಡನೇ ಸ್ಥಾನ ಪಡೆದ ತಂಡದ್ದು ಶೇ 26.2. ಲಕ್ಷಾಂತರ ಚಿತ್ರಗಳಿಂದ ಯಂತ್ರವೇ ಕಲಿಯುವ ಈ ವಿಧಾನ ಇಂದು ಎಲ್ಲೆಡೆ ಹರಡಿದೆ.

ಆದರೆ ಅದರ ದೌರ್ಬಲ್ಯವೂ ಆ ಕಲಿಕೆಯಲ್ಲೇ ಅಡಗಿದೆ. ಹುಲ್ಲುಗಾವಲಿನ ಹಸುಗಳನ್ನಷ್ಟೇ ನೋಡಿ ಕಲಿತ ಯಂತ್ರ, ಕಡಲತೀರದಲ್ಲಿ ನಿಂತ ಹಸುವನ್ನು ಕಂಡು ಎಡವಬಹುದು. ಮನುಷ್ಯರ ಮುಖಕ್ಕೂ ಈ ಮಾತು ಅನ್ವಯಿಸುತ್ತದೆ. ಮುಖ ನೋಡಿ ಹೆಣ್ಣೋ ಗಂಡೋ ಎಂದು ಹೇಳುವ ಮೂರು ವಾಣಿಜ್ಯ ತಂತ್ರಾಂಶಗಳನ್ನು ಜಾಯ್ ಬುಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ಪರೀಕ್ಷೆಗೆ ಒಡ್ಡಿದರು. ಬಿಳಿ ಚರ್ಮದ ಪುರುಷರಲ್ಲಿ ತಪ್ಪು ಶೇ 0.8 ಮೀರಲಿಲ್ಲ, ಕಪ್ಪು ಚರ್ಮದ ಮಹಿಳೆಯರಲ್ಲಿ ಶೇ 34.7ರವರೆಗೂ ಇತ್ತು. ಈ ವಿವರ ಬಹಿರಂಗವಾದ ಬಳಿಕವೇ ಆ ತಂತ್ರಾಂಶಗಳು ಸುಧಾರಿಸಿದವು ಎಂಬುದು ಗಮನಾರ್ಹ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಹಳೆಯ ಪಾಠ. ತಲಾ ಆದಾಯದ ಸರಾಸರಿ ಬಡವನ ಹಸಿವನ್ನು ಮರೆಮಾಚುವಂತೆ, ನಿಖರತೆಯ ಸರಾಸರಿಯೂ ಯಂತ್ರದ ಕಣ್ಣಿಗೆ ಬೀಳದವರನ್ನು ಮರೆಮಾಚುತ್ತದೆ. ನಮ್ಮಲ್ಲಿ ಇದು ಕೇವಲ ತಾತ್ವಿಕ ಪ್ರಶ್ನೆಯಲ್ಲ. ಗರ್ಭಿಣಿಯರು ಮತ್ತು ಬಾಣಂತಿಯರು ಅಂಗನವಾಡಿಯಿಂದ ಮನೆಗೆ ಒಯ್ಯುವ ಪೌಷ್ಟಿಕ ಆಹಾರಕ್ಕೆ 2025ರ ಜುಲೈನಿಂದ ಮುಖ ಗುರುತಿಸುವಿಕೆಯನ್ನು ಕಡ್ಡಾಯಗೊಳಿಸಲಾಯಿತು. ಸೋರಿಕೆ ತಡೆಯುವ ಉದ್ದೇಶ ಸರಿಯಾದದ್ದೇ. ಆದರೆ ಫೋನು ಒಪ್ಪದ ಕಾರಣಕ್ಕೆ ಬರಿಗೈಯಲ್ಲಿ ಮರಳುವ ತಾಯಿಯ ನಷ್ಟವನ್ನು ಯಾವ ಉಳಿತಾಯದ ಲೆಕ್ಕವೂ ತುಂಬಿಕೊಡಲಾರದು.

ಆದ್ದರಿಂದ ಇಂತಹ ವ್ಯವಸ್ಥೆಗಳು ಎಲ್ಲಿ, ಯಾರ ವಿಷಯದಲ್ಲಿ, ಎಷ್ಟು ಬಾರಿ ಸೋತವೆಂಬುದನ್ನು ಸರ್ಕಾರ ಜಿಲ್ಲಾವಾರು ಪ್ರಕಟಿಸಬೇಕು. ಯಂತ್ರ ಒಪ್ಪದಿದ್ದಾಗ ಸ್ಥಳದಲ್ಲೇ ಗುರುತು ದೃಢೀಕರಿಸುವ ಅಧಿಕಾರ ಸಿಬ್ಬಂದಿಗಿರಬೇಕು. ಸೇವಾವಧಿಯಲ್ಲಿ ನಾನು ಮಾಡಿದ ಪ್ರತಿ ತಿರಸ್ಕಾರದ ಕೆಳಗೆ ನನ್ನ ಸಹಿ ಇರುತ್ತಿತ್ತು. ನೊಂದವರು ಮೇಲ್ಮನವಿ ಸಲ್ಲಿಸಬಹುದಿತ್ತು. ಯಂತ್ರದ ತಿರಸ್ಕಾರಕ್ಕೂ ಹೊಣೆ ಹೊರುವ ಒಬ್ಬ ಅಧಿಕಾರಿ ಇರಲೇಬೇಕು.