ಮೇಷ್ಟ್ರ ಹೆಸರಿಲ್ಲದ ಪ್ಲೇಟು

ನಾಟಕದ ಹಾಡು ಗ್ರಾಮಫೋನ್ ಪ್ಲೇಟಿಗೆ ಏರಿದ ಚರಿತ್ರೆಯನ್ನು ಸಾಮಾನ್ಯವಾಗಿ ನ್ಯೂಯಾರ್ಕಿನಿಂದ ಶುರುಮಾಡುತ್ತಾರೆ. 1943ರಲ್ಲಿ ‘ಓಕ್ಲಹೋಮಾ’ ಎಂಬ ಸಂಗೀತ ನಾಟಕ ಜನ ಮೆಚ್ಚಿ ಓಡತೊಡಗಿದಾಗ ಡೆಕ್ಕಾ ಕಂಪನಿ ಅದರ ನಟರನ್ನೂ ವಾದ್ಯದವರನ್ನೂ ಒಟ್ಟಿಗೆ ಕರೆಸಿತು. ರಂಗದ ಮೇಲೆ ಹಾಡಿದವರ ದನಿಯಲ್ಲೇ ಹಾಡಿಸಿ ಆರು ಪ್ಲೇಟುಗಳ ಸೆಟ್ಟು ಹೊರತಂದಿತು. ಮುಂದೆ ಕೊಲಂಬಿಯಾ ಕಂಪನಿ ಈ ವ್ಯಾಪಾರವನ್ನು ಎಷ್ಟು ನೆಚ್ಚಿಕೊಂಡಿತೆಂದರೆ, 1956ರ ‘ಮೈ ಫೇರ್ ಲೇಡಿ’ ನಾಟಕಕ್ಕೆ ಬಂಡವಾಳ ಹಾಕಿದ್ದೇ ಅದರ ಮಾಲೀಕ ಸಂಸ್ಥೆ ಸಿಬಿಎಸ್.

ನಮ್ಮಲ್ಲಿ ಈ ನಂಟು ಇನ್ನೂ ಹಳೆಯದು. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಮೊದಲು ಹಾಡಿಸಿದ್ದು ಕ್ಲಾಸಿಕ್ ಥಿಯೇಟರಿನ ಇಬ್ಬರು ಹುಡುಗಿಯರಿಂದ, ಶಶಿಮುಖಿ ಮತ್ತು ಫಣಿಬಾಲಾ. ಹೆಸರಾಂತ ಗಾಯಕಿ ಗೌಹರ್ ಜಾನ್ ಹಾಡಿದ್ದು ಅವರಾದ ಮೇಲೆ. ಆಮೇಲೆ ಮರಾಠಿ ರಂಗದ ಬಾಲಗಂಧರ್ವರ ಪದಗಳು ಬಂದವು, ತಮಿಳು ರಂಗದ ಕಿಟ್ಟಪ್ಪ–ಸುಂದರಾಂಬಾಳ್ ಜೋಡಿಯ ಹಾಡುಗಳು ಬಂದವು. ನಮ್ಮ ಬೀಳಗಿಯಿಂದ ಹೊರಟ ಅಮೀರ್‌ಬಾಯಿ ಕರ್ನಾಟಕಿಯೂ ರಂಗದಿಂದಲೇ ಪ್ಲೇಟಿಗೆ ಬಂದವರು. ಮದರಾಸಿನ ಕಡೆಯಂತೂ ಒಂದೊಂದು ನಾಟಕವನ್ನೇ ಹಲವು ಪ್ಲೇಟುಗಳಿಗೆ ಹಂಚಿ ‘ಡ್ರಾಮಾ ಸೆಟ್’ ಎಂದು ಮಾರಿದರು.

ಪ್ಲೇಟು ಕೊಟ್ಟದ್ದು ದೊಡ್ಡದು, ಕಿತ್ತುಕೊಂಡದ್ದೂ ಸಣ್ಣದಲ್ಲ. ಹತ್ತಿಂಚಿನ ಅರಗಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ಮೂರು ನಿಮಿಷ, ಹೆಚ್ಚೆಂದರೆ ಇನ್ನೊಂದಿಷ್ಟು. ನಾಟಕದಲ್ಲಿ ಒಂದು ಕಂದಪದ್ಯಕ್ಕೆ ಎಷ್ಟು ಹೊತ್ತು ಬೇಕು ಎಂಬುದನ್ನು ತೀರ್ಮಾನಿಸುವವರು ಎದುರು ಕೂತ ಜನ. ನಟ ಆಲಾಪನೆ ಬೆಳೆಸುತ್ತಾನೆ, ಹಾರ್ಮೋನಿಯಂ ಅವನನ್ನು ಹಿಂಬಾಲಿಸುತ್ತದೆ, ‘ಒನ್ಸ್ ಮೋರ್’ ಕೂಗು ಬಂದರೆ ಸತ್ತು ಬಿದ್ದ ಅಭಿಮನ್ಯುವೂ ಎದ್ದು ಇನ್ನೊಮ್ಮೆ ಹಾಡುತ್ತಾನೆ. ಮೂರು ನಿಮಿಷಕ್ಕೆ ಕತ್ತರಿಸಿದಾಗ ಉಳಿದದ್ದು ನಟನ ಕಂಠ. ಹಾಡಿಗೂ ಮಾತಿಗೂ ನಡುವೆ ಇದ್ದ ಉಸಿರು ಹೋಯಿತು. ಜೊತೆಗೆ ಹಾರ್ಮೋನಿಯಂ ನುಡಿಸಿದವನ ಹೆಸರೂ ಹೋಯಿತು. ಪ್ಲೇಟಿನ ನಡುವಿನ ಚೀಟಿಯಲ್ಲಿ ಸಾಮಾನ್ಯವಾಗಿ ಹಾಡಿದವರ ಹೆಸರಿಗಷ್ಟೇ ಜಾಗ.

ಈ ಸಂಚಿಕೆಯನ್ನು ರಂಗಗೀತೆಗೆ ಮೀಸಲಿಟ್ಟಾಗ ನಮ್ಮ ಮನಸ್ಸು ಚಿಕ್ಕಬಳ್ಳಾಪುರ ಸೀಮೆಗೆ ಹೋಗಲು ಇದೇ ಕಾರಣ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿಗಳಲ್ಲಿ ರಂಗಗೀತೆ ಇನ್ನೂ ಬದುಕಿನ ಭಾಗ. ಸುಗ್ಗಿ ಮುಗಿದು ಕೈ ಬಿಡುವಾಯಿತೆಂದರೆ ಊರಿನವರು ಸೇರಿ ಒಬ್ಬ ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡುತ್ತಾರೆ. ನಾಟಕ ಬಹುಪಾಲು ‘ಕುರುಕ್ಷೇತ್ರ’. ಯಾವ ಪಾತ್ರಕ್ಕೆ ಎಷ್ಟು ದುಡ್ಡು ಹಾಕಬೇಕೆಂದು ಮೊದಲೇ ಮಾತಾಗುತ್ತದೆ. ಕೃಷ್ಣ, ದುರ್ಯೋಧನರಿಗೆ ಹೆಚ್ಚು, ದೂತನಿಗೆ ಕಡಿಮೆ. ಹಗಲು ಹಿಪ್ಪುನೇರಳೆ ಸೊಪ್ಪು ಕೊಯ್ದವನು, ಟೊಮೇಟೊ ಬಾಕ್ಸು ಹೊತ್ತವನು ರಾತ್ರಿ ಗುಡಿಯ ಮುಂದೆ ಕೂತು ಪದ್ಯ ಕಲಿಯುತ್ತಾನೆ. ಓದಲು ಬಾರದವನಿಗೆ ಮೇಷ್ಟ್ರು ಸಾಲು ಸಾಲಾಗಿ ಬಾಯಿಪಾಠ ಮಾಡಿಸುತ್ತಾರೆ. ಅವನ ಶ್ರುತಿ ಯಾವುದು, ಎಲ್ಲಿ ಉಸಿರು ಸಾಲದು, ಯಾವ ರಾಗ ಅವನ ಗಂಟಲಿಗೆ ಒಗ್ಗುತ್ತದೆ ಎಂದು ತಿಂಗಳುಗಟ್ಟಲೆ ತಿದ್ದಿ ಒಬ್ಬ ರೈತನನ್ನು ಕರ್ಣನನ್ನಾಗಿ ಮಾಡುವ ವಿದ್ಯೆ ಅದು. ನಾಟಕದ ರಾತ್ರಿ ಮೇಷ್ಟ್ರು ರಂಗದ ಮುಂದೆ ಕೂತು, ಮಾತು ಮರೆತವನಿಗೆ ಸ್ವರ ಒತ್ತಿ ನೆನಪಿಸುತ್ತ, ತಾಳ ತಪ್ಪಿದವನನ್ನು ಹಿಡಿದು ತರುತ್ತ ಬೆಳಗು ಮಾಡುತ್ತಾರೆ.

ಇನ್ನೊಂದು ವಿಶೇಷವಿದೆ. ಇಲ್ಲಿನ ಕಿವಿಗೆ ಎರಡು ಭಾಷೆ. ಕೈವಾರದ ತಾತಯ್ಯನವರು ಕನ್ನಡ, ತೆಲುಗು ಎರಡರಲ್ಲೂ ಹಾಡಿದ ನೆಲ ಇದು. ತೆಲುಗಿನ ತಿರುಪತಿ ವೆಂಕಟ ಕವಿಗಳ ಪಾಂಡವ ನಾಟಕದ ಪದ್ಯಗಳನ್ನು ಘಂಟಸಾಲ ಪ್ಲೇಟಿಗೆ ಹಾಡಿದ್ದಾರೆ. ಕನ್ನಡದ ಮಟ್ಟನ್ನೂ ತೆಲುಗಿನ ಪದ್ಯವನ್ನೂ ಒಟ್ಟಿಗೆ ಕೇಳಿ ಬೆಳೆದ ಗಂಟಲು ರಾಗ ಎಳೆಯುವ ರೀತಿಯೇ ಬೇರೆ. ಆ ರೀತಿಯನ್ನು ಯಾವ ಕಂಪನಿಯೂ ಹುಡುಕಿಕೊಂಡು ಬರಲಿಲ್ಲ.

ಬರದೆ ಇದ್ದದ್ದಕ್ಕೆ ವ್ಯಾಪಾರದ ಲೆಕ್ಕ ಕಾರಣವಿರಬಹುದು. ಅದನ್ನು ದೂರಿ ಪ್ರಯೋಜನವಿಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಭಾವಗೀತೆಗೆ ‘ನಿತ್ಯೋತ್ಸವ’ದಂಥ ಭಾಗ್ಯ ಸಿಕ್ಕಿತು. ಬಾಲಕನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರು ಹೊಸ ನಾಟಕಗಳಿಗೆ ಕಟ್ಟಿದ ಹಾಡುಗಳು ನಾಡೆಲ್ಲ ಹರಡಿದವು. ಆರ್. ಪರಮಶಿವನ್ ಅವರು ಕಂಪನಿ ನಾಟಕದ ಮಟ್ಟುಗಳನ್ನು ನೆನಪಿನಲ್ಲೇ ಹೊತ್ತು ಮುಂದಿನವರಿಗೆ ಕಲಿಸಿದರು. ಅವರಂಥ ಒಬ್ಬರು ಇಲ್ಲದಿದ್ದರೆ ಎಷ್ಟು ಹೋಗುತ್ತಿತ್ತು ಎಂದು ನೆನೆದರೆ ಎದೆ ಝಲ್ಲೆನ್ನುತ್ತದೆ. ಹಳ್ಳಿಯ ಮೇಷ್ಟ್ರುಗಳ ಬಳಿ ಇರುವುದೂ ಅಂಥದೇ ಸೊತ್ತು. ಈಗ ಹಲವು ಕಡೆ ಕಾಲು ಹಾರ್ಮೋನಿಯಂ ಜಾಗಕ್ಕೆ ಕೀಬೋರ್ಡು ಬಂದಿದೆ, ತಬಲದ ಪಕ್ಕ ರಿದಂ ಪ್ಯಾಡು ಕೂತಿದೆ. ಹಿರಿಯರ ಕೈಯ ವರಸೆ ಕೇಳಬೇಕಾದರೆ ಕೇಳುವ ಹೊತ್ತು ಇದೇ.

ರಾತ್ರಿಯಿಡೀ ನಡೆಯುವ ನಾಟಕ ಪೂರ್ತಿ ಹಿಡಿಸುವ ಯಂತ್ರ ಈಗ ಎಲ್ಲರ ಜೇಬಿನಲ್ಲಿದೆ. ಹಳ್ಳಿಯ ‘ಕುರುಕ್ಷೇತ್ರ’ದ ತುಣುಕುಗಳು ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಲೂ ಇವೆ. ಆದರೆ ಅಲ್ಲೂ ಹಳೆಯ ಪ್ಲೇಟಿನ ಕತೆಯೇ: ದುರ್ಯೋಧನನ ಗದೆ ಕಾಣುತ್ತದೆ, ಸ್ಪೀಕರಿನ ಅಬ್ಬರದಲ್ಲಿ ಹಾರ್ಮೋನಿಯಂ ಕೇಳುವುದಿಲ್ಲ, ಮೇಷ್ಟ್ರ ಹೆಸರಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಈ ಸಲ ನಿಮ್ಮೂರಿನಲ್ಲಿ ನಾಟಕವಾದರೆ ಒಂದು ಮೊಬೈಲನ್ನು ಸ್ಪೀಕರಿನಿಂದ ದೂರ, ಮೇಷ್ಟ್ರ ಮಗ್ಗುಲಿಗೆ ಇಡಿ. ನಾಂದಿಯಿಂದ ಮಂಗಳದವರೆಗೆ ನಿಲ್ಲಿಸಬೇಡಿ. ಪ್ರಾಕ್ಟೀಸಿನ ಒಂದು ರಾತ್ರಿಯನ್ನೂ ಹಿಡಿಯಿರಿ, ವಿದ್ಯೆ ಕಾಣುವುದು ಅಲ್ಲಿ. ಮೇಷ್ಟ್ರು ಯಾರು, ಅವರಿಗೆ ಕಲಿಸಿದವರು ಯಾರು, ತಬಲ ಯಾರದು, ಯಾವ ಪದ್ಯಕ್ಕೆ ಯಾವ ರಾಗ ಎಂದು ಅವರನ್ನೇ ಕೇಳಿ ಒಂದು ಹಾಳೆಯಲ್ಲಿ ಬರೆಯಿರಿ. ಅಟ್ಟದ ಮೇಲೆ ಹಳೆಯ ಪ್ಲೇಟುಗಳಿದ್ದರೆ ಗುಜರಿಗೆ ಹಾಕಬೇಡಿ. ಅರಗು ಬಲು ಬೇಗ ಒಡೆಯುತ್ತದೆ, ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಿ. ಹಾಳೆಯ ಒಂದು ಪ್ರತಿ ನಮಗೆ ಕಳಿಸಿದರೆ ತಾಲ್ಲೂಕುವಾರು ಅಚ್ಚು ಹಾಕುತ್ತೇವೆ, ಮೇಷ್ಟ್ರ ಹೆಸರು ಮೊದಲು.