ಒಡ್ಡಿನ ನೀರು ಯಾರದು?

ಬೇಸಿಗೆ ಬಂತೆಂದರೆ 'ಕೊಯ್ನಾದಿಂದ ನೀರು ಬಿಡಿಸಿರಿ' ಎಂಬ ಕೂಗು ನಮ್ಮ ಚಿಕ್ಕೋಡಿ ಸೀಮೆಯಲ್ಲಿ ಏಳುತ್ತದೆ. ಕೂಗಬೇಡಿರೆಂದು ನಾನು ಹೇಳಲಾರೆ. 2019ರ ಬೇಸಿಗೆಯಲ್ಲಿ ಬತ್ತಿ ಮಲಗಿದ್ದ ಕೃಷ್ಣೆ ಅದೇ ಆಗಸ್ಟಿನಲ್ಲಿ ಊರೊಳಗೆ ನುಗ್ಗಿದ್ದನ್ನು ಅಥಣಿ, ರಾಯಬಾಗ, ಕಾಗವಾಡದವರು ಮರೆತಿಲ್ಲ. ನನ್ನ ತಕರಾರು ಬೇರೆ. ಮಹಾರಾಷ್ಟ್ರದ ಅಣೆಕಟ್ಟಿನ ಟಿಎಂಸಿ ಲೆಕ್ಕವನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡ ನಮಗೆ, ನಮ್ಮೂರ ಮಣ್ಣಿನ ಒಡ್ಡಿನಲ್ಲಿ ನೀರೆಷ್ಟಿದೆ, ಅದನ್ನು ಎತ್ತುವವರು ಯಾರು ಎಂಬುದು ಗೊತ್ತಿಲ್ಲವಲ್ಲ!

ನದಿಯ ದಂಡೆ ಬಿಟ್ಟು ತೆಲಸಂಗ, ಐಗಳಿಯ ಕಡೆ ಹೋದರೆ ಹಳ್ಳಕ್ಕೆ ಅಡ್ಡ ಹಾಕಿದ ಒಡ್ಡೇ ಗತಿ. 1972ರ ಬರದಲ್ಲಿ ಕೂಲಿಗೆಂದು ತೆಗೆದ ಇಂಥ ಕಾಮಗಾರಿಗಳಲ್ಲಿ ನಮ್ಮ ಹಿರಿಯರು ಬುಟ್ಟಿ ಹೊತ್ತಿದ್ದಾರೆ. ನಡುವೆ ಗಟ್ಟಿಯಾಗಿ ತುಳಿದ ಎರೆಮಣ್ಣು, ಎರಡೂ ಮಗ್ಗುಲಿಗೆ ಗರಸು, ನೀರಿನ ಕಡೆ ಕಲ್ಲಿನ ಹೊದಿಕೆ, ಒಂದು ಬದಿಗೆ ಕೋಡಿ. ಕಾಲುವೆಯನ್ನು ಬೇಕೆಂದೇ ಇಟ್ಟಿಲ್ಲ. ನೀರು ನೆಲಕ್ಕಿಳಿದು ಕೆಳಗಿನ ಹೊಲಗಳ ಬಾವಿಗಳಲ್ಲಿ ಏಳಬೇಕು. ಜಿನುಗು ಕೆರೆ ಎಂದು ಸುಮ್ಮನೆ ಕರೆದರೇ?

ಈಗ ನೋಡಿರಿ. ಮಳೆ ನಿಂತ ಮರುವಾರವೇ ಸುತ್ತಲೂ ಮೋಟಾರುಗಳು ಇಳಿಯುತ್ತವೆ. ಪೈಪು ಹೋಗುವುದು ಕಬ್ಬಿಗೆ. ಜೋಳ ಒಂದು ಬೆಳೆಗೆ 450ರಿಂದ 650 ಮಿಲಿಮೀಟರ್ ನೀರು ಕೇಳಿದರೆ ಕಬ್ಬು 1500ರಿಂದ 2500 ಕೇಳುತ್ತದೆ. ಮೂರೆಕರೆ ಜೋಳದ ನೀರನ್ನು ಒಂದೆಕರೆ ಕಬ್ಬು ಕುಡಿದುಬಿಡುತ್ತದೆ. (ಜೋಳಕ್ಕೆ ನೆಟ್ಟಗೆ ದರ ಕೊಡದ ಪೇಟೆಯನ್ನೂ ಬೈಯಬೇಕು, ಆ ಮಾತು ಬೇರೆ.) 'ಕೆರೆಗೆ ನನ್ನ ಹೊಲವೂ ಹೋಗಿದೆ' ಎಂದು ಮೋಟಾರಿನವನ ವಾದ. ಹೋಗಿರಬಹುದು, ಪರಿಹಾರವೂ ಬಂದಿರಬಹುದು. ಕೆಳಗಿನ ಎರಡೆಕರೆಯವಳ ಬಾವಿ ಸಂಕ್ರಾಂತಿಗೇ ತಳ ಕಂಡರೆ ಅವಳಿಗೆ ಪರಿಹಾರ ಕೊಡುವವರು ಯಾರು?

ಇನ್ನು ಆರೈಕೆ. 40 ಹೆಕ್ಟೇರಿಗೆ ಮೇಲ್ಪಟ್ಟ ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕದು ಪಂಚಾಯತಿಗೆ ಎಂದು ಕಾಗದದಲ್ಲಿ ಹಂಚಿಕೆಯಾಗಿದೆ. ಹಾಗಾದರೆ ಏರಿಯ ಮೇಲಿನ ಬಳ್ಳಾರಿ ಜಾಲಿ ಯಾರ ಪಾಲಿನದು? ಅದರ ಬೇರು ಕೊಳೆತ ಜಾಗದಲ್ಲಿ ಕೊಳವೆಯಾಗಿ, ನೀರು ಮಣ್ಣನ್ನು ಹೊತ್ತುಕೊಂಡು ಹೊರಬೀಳುತ್ತದೆ. ಇನ್ನೂ ಜಾಣರಿದ್ದಾರೆ: ಹೆಚ್ಚು ನೀರು ನಿಲ್ಲಲೆಂದು ಕೋಡಿಗೆ ಮರಳಿನ ಚೀಲ ಪೇರಿಸುತ್ತಾರೆ. ಮಣ್ಣಿನ ಏರಿಯ ನೆತ್ತಿಯ ಮೇಲೆ ನೀರು ಹತ್ತಿತೋ, ಬೆಳಗಾಗುವುದರೊಳಗೆ ಒಡ್ಡು ಹಳ್ಳದ ಪಾಲು.

ಗ್ರಾಮಸಭೆ ಕೂಡಲಿ. ಮೊದಲು ಮೋಟಾರು ಎತ್ತಿಸಲಿ, ದನಕರು ಕುಡಿಯಲಿ, ಉಳಿದದ್ದು ಇಂಗಲಿ. ಜಾಲಿಯನ್ನು ಸಸಿಯಿದ್ದಾಗಲೇ ಕೀಳಿಸಲಿ, ಕೋಡಿಯ ಚೀಲ ತೆಗೆಸಲಿ. ಆಮೇಲೆ ಕೊಯ್ನಾದ ನೀರಿಗಾಗಿ ಟ್ರ್ಯಾಕ್ಟರು ಹತ್ತೋಣ, ನಾನೂ ಬರುತ್ತೇನೆ.