ಸ್ಟೆರಾಯ್ಡ್‌ಗೆ ಮುನ್ನ ಆಮ್ಲಜನಕ ಅಳೆಯಿರಿ

ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು 2020ರ ಮಾರ್ಚ್‌ನಲ್ಲಿ, ನಮ್ಮ ಕಲಬುರಗಿಯ ಹೆಸರಿನಲ್ಲಿ. ಉಸಿರು ಕಟ್ಟಿ ಆಸ್ಪತ್ರೆ ಸೇರಿದವರ ಪ್ರಾಣ ಉಳಿಸುತ್ತದೆಂದು ಖಚಿತವಾಗಿ ಹೇಳಬಲ್ಲ ಔಷಧವೊಂದೂ ಆಗ ಯಾವ ದೇಶದ ವೈದ್ಯರ ಬಳಿಯೂ ಇರಲಿಲ್ಲ. ಜೂನ್ 16ರಂದು ಬ್ರಿಟನ್ನಿನ ‘ರಿಕವರಿ’ ಅಧ್ಯಯನ ಅಂತಹದೊಂದನ್ನು ತೋರಿಸಿಕೊಟ್ಟಿತು. ಅದು ಡೆಕ್ಸಾಮೆಥಸೋನ್, ದಶಕಗಳಿಂದ ಬಳಕೆಯಲ್ಲಿರುವ, ಕೆಲವೇ ರೂಪಾಯಿಗೆ ದೊರೆಯುವ ಸ್ಟೆರಾಯ್ಡ್. ಅರ್ಥಶಾಸ್ತ್ರ ಓದಿ, ಸರ್ಕಾರಿ ಖರೀದಿಯ ದರಪಟ್ಟಿಗಳನ್ನು ತಿರುವುತ್ತಲೇ ನಿವೃತ್ತನಾದ ನನ್ನಂಥವನಿಗೆ ಇದಕ್ಕಿಂತ ಸಂತೋಷದ ಸುದ್ದಿ ಇನ್ನೇನಿದ್ದೀತು?

ಆದರೆ ಆ ಅಧ್ಯಯನದ ಅಂಕಿಗಳನ್ನು ಪೂರ್ತಿ ಓದಬೇಕು. ವೆಂಟಿಲೇಟರ್‌ನಲ್ಲಿದ್ದವರಲ್ಲಿ ನೂರಕ್ಕೆ 41ರಷ್ಟಿದ್ದ ಸಾವು 29ಕ್ಕೆ ಇಳಿಯಿತು. ಬರಿಯ ಆಮ್ಲಜನಕ ಪಡೆಯುತ್ತಿದ್ದವರಲ್ಲಿ 26ರಿಂದ 23ಕ್ಕೆ. ಆಮ್ಲಜನಕವೇ ಬೇಕಿಲ್ಲದ ರೋಗಿಗಳಿಗೆ ಮಾತ್ರ ಲಾಭ ಕಾಣಲಿಲ್ಲ. ಹಾನಿಯ ಸಾಧ್ಯತೆಯನ್ನು ತಳ್ಳಿಹಾಕುವಂತೆಯೂ ಇರಲಿಲ್ಲ. ಕಾರಣ ಸರಳ. ಮೊದಲ ದಿನಗಳಲ್ಲಿ ವೈರಾಣುವಿನೊಡನೆ ಹೋರಾಡಲು ದೇಹಕ್ಕೆ ತನ್ನ ರೋಗನಿರೋಧಕ ಶಕ್ತಿ ಬೇಕು. ಆ ಶಕ್ತಿಯೇ ಮಿತಿಮೀರಿ ಶ್ವಾಸಕೋಶದಲ್ಲಿ ಉರಿಯೂತ ಎಬ್ಬಿಸಿದಾಗ ಸ್ಟೆರಾಯ್ಡ್ ಅದನ್ನು ತಗ್ಗಿಸುತ್ತದೆ. ಅದಕ್ಕೂ ಮೊದಲೇ ಕೊಟ್ಟರೆ ದೇಹದ ರಕ್ಷಣೆಯನ್ನೇ ತಗ್ಗಿಸಿದಂತೆ.

2021ರ ಎರಡನೇ ಅಲೆಯಲ್ಲಿ ಇದೇ ನಡೆಯಿತು. ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ನನ್ನ ಬಂಧುವೊಬ್ಬರು ಜ್ವರ ಬಂದ ಎರಡನೇ ದಿನವೇ, ಬೆರಳಿಗೆ ಆಕ್ಸಿಮೀಟರ್ ಕೂಡ ತಾಗಿಸದೆ, ಔಷಧ ಅಂಗಡಿಯಿಂದ ಸ್ಟೆರಾಯ್ಡ್ ಮಾತ್ರೆ ತಂದು ನುಂಗತೊಡಗಿದ್ದರು. ಅವರಿಗೆ ಮಧುಮೇಹವಿತ್ತು. ವೈದ್ಯರ ಚೀಟಿ ಇಲ್ಲದೆ ಇಂತಹ ಮಾತ್ರೆ ಮಾರಬಾರದೆಂಬ ನಿಯಮ ಅಂದೂ ಇತ್ತು, ಇಂದೂ ಇದೆ. ಆ ಮೇ ತಿಂಗಳಲ್ಲಿ ರಾಜ್ಯದಲ್ಲಿ ಕಪ್ಪು ಶಿಲೀಂಧ್ರ ರೋಗ ಹರಡಿದಾಗ, ಹತೋಟಿ ತಪ್ಪಿದ ಮಧುಮೇಹ ಮತ್ತು ಅತಿಯಾದ ಸ್ಟೆರಾಯ್ಡ್ ಬಳಕೆ ಎರಡನ್ನೂ ತಜ್ಞರು ಕಾರಣವಾಗಿ ಬೊಟ್ಟು ಮಾಡಿದರು. (ಅಸ್ತಮಾ ಮುಂತಾದ ಕಾಯಿಲೆಗೆ ವೈದ್ಯರ ಸಲಹೆಯಂತೆ ಸ್ಟೆರಾಯ್ಡ್ ಪಡೆಯುತ್ತಿರುವವರು ಇದನ್ನೋದಿ ತಾವೇ ನಿಲ್ಲಿಸಬಾರದು, ಅದು ಬೇರೆಯೇ ವಿಷಯ.)

ಹೆಚ್ಚು ಕೊಟ್ಟರೆ ಬೇಗ ಗುಣವಾದೀತೆಂಬ ನಂಬಿಕೆಯೂ ಉಳಿದಿಲ್ಲ. ವೆಂಟಿಲೇಟರ್ ಬೇಕಿಲ್ಲದ ರೋಗಿಗಳಿಗೆ ಅಧಿಕ ಪ್ರಮಾಣದ ಸ್ಟೆರಾಯ್ಡ್ ಕೊಟ್ಟಾಗ ಸಾವು ನೂರಕ್ಕೆ 12ರಿಂದ 19ಕ್ಕೆ ಏರಿದ್ದನ್ನು ಅದೇ ‘ರಿಕವರಿ’ 2023ರಲ್ಲಿ ಪ್ರಕಟಿಸಿತು. ಕೋವಿಡ್‌ನ ಪಾಠವನ್ನು ಎಲ್ಲ ವೈರಾಣುಗಳಿಗೂ ಅನ್ವಯಿಸುವಂತಿಲ್ಲ: ತೀವ್ರ ಇನ್‌ಫ್ಲುಯೆಂಜಾ ರೋಗಿಗಳಿಗೆ ಸ್ಟೆರಾಯ್ಡ್ ಬೇಡವೆಂಬುದೇ ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯ ಒಲವು. ಆದ್ದರಿಂದ ಯಾವ ವೈರಾಣು ಎಂಬ ಪರೀಕ್ಷೆಯೂ ಮುಖ್ಯ.

ಅಂದರೆ ಈ ಔಷಧದ ನಿಜವಾದ ಬೆಲೆ ಮಾತ್ರೆಯ ಬೆಲೆಯಲ್ಲ. ರಾತ್ರಿ ಪಾಳಿಯಲ್ಲಿ ಆಮ್ಲಜನಕ ಅಳೆಯುವ ದಾದಿ, ರಕ್ತದ ಸಕ್ಕರೆ ನೋಡುವ ಗ್ಲುಕೋಮೀಟರ್ ಪಟ್ಟಿ, ಎಂದು ನಿಲ್ಲಿಸಬೇಕೆಂದು ಚೀಟಿಯಲ್ಲಿ ಬರೆದುಕೊಡುವ ವೈದ್ಯ, ಇವೆಲ್ಲ ಸೇರಿಯೇ ಅದರ ಬೆಲೆ. ಕಲಬುರಗಿ ನಗರದಲ್ಲಿ ಜಿಮ್ಸ್ ಇದೆ, ಇಎಸ್‌ಐ ಆಸ್ಪತ್ರೆ ಇದೆ, ಖಾಸಗಿ ಆಸ್ಪತ್ರೆಗಳಿಗೂ ಕೊರತೆಯಿಲ್ಲ. ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ಆಚೆಯ ಕಮಲಾಪುರ ತಾಲ್ಲೂಕು ಕೇಂದ್ರವಾದದ್ದು ಇತ್ತೀಚೆಗೆ. ಅಲ್ಲಿನ ರೋಗಿಗೆ ಮೊದಲ ಡೋಸ್ ಯಾವಾಗ ಸಿಗುತ್ತದೆ, ಅಥವಾ ಅಕಾಲದಲ್ಲಿ ಸಿಕ್ಕಿಬಿಡುತ್ತದೆಯೇ ಎಂಬುದು ಅವನ ಊರಿನ ಆಸ್ಪತ್ರೆಯ ಬಾಗಿಲಲ್ಲೇ ತೀರ್ಮಾನವಾಗುತ್ತದೆ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕೇಂದ್ರ ಕಚೇರಿ ಇರುವುದು ಕಲಬುರಗಿಯಲ್ಲೇ. ಕಟ್ಟಡಕ್ಕೆ ಹಣ ಮಂಜೂರು ಮಾಡಿಸುವುದು ಸುಲಭ, ಶಿಲಾನ್ಯಾಸದ ಫಲಕವೂ ಉಳಿಯುತ್ತದೆ. ಆಕ್ಸಿಮೀಟರ್ ಬ್ಯಾಟರಿಗೆ ಫಲಕ ಹಾಕಲಾಗದು ಎಂಬುದು ಸೇವೆಯಲ್ಲಿದ್ದಾಗ ಕಂಡ ಸತ್ಯ. ಮಂಡಳಿಯು ತನ್ನ ಆರೋಗ್ಯದ ವೆಚ್ಚದಲ್ಲಿ ಒಂದು ಪಾಲನ್ನು ತಾಲ್ಲೂಕು ಆಸ್ಪತ್ರೆಗಳ ಇಂತಹ ಆವರ್ತಕ ಖರ್ಚಿಗೆ, ದಾದಿಯರ ತರಬೇತಿಗೆ ಮೀಸಲಿಡಬೇಕು. ಚೀಟಿಯಿಲ್ಲದ ಮಾರಾಟದ ಮೇಲೆ ಔಷಧ ನಿಯಂತ್ರಣ ಇಲಾಖೆ ಕಣ್ಣಿಡಬೇಕಾದದ್ದು ಮುಂದಿನ ಸಾಂಕ್ರಾಮಿಕ ಬಂದಾಗಲ್ಲ, ಈ ಚಳಿಗಾಲದ ನೆಗಡಿ–ಜ್ವರ ಶುರುವಾಗುವ ಮೊದಲೇ.